ಆಫ್ರಿಕನ್ನರ ಮೂಲ ಹೆಸರುಗಳು ಎಲ್ಲಿ ಹೋದವು? ಗುಲಾಮಗಿರಿ ಮತ್ತು ಹೆಸರಿನ ಅಳಿವಿನ ಕುರಿತು ಒಂದು ಪ್ರಶ್ನೆ

ಶಾಲ್ಮಲಾ ತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕಳೆದ ವಾರ ಒಂಬತ್ತನೆಯ ತರಗತಿಯಲ್ಲಿ ವರ್ಣಭೇದದ ಮಾತು ಬಂದಾಗ ಮಕ್ಕಳಿಗೆ ಮುಷ್ಟಿಯುದ್ಧದ ಮುಹಮ್ಮದ್ ಅಲಿಯವರ ಸಂಗತಿ ಹೇಳಿದೆ. 1964ರಲ್ಲಿ ಅವರು ಕ್ಯಾಸಿಯಸ್ ಕ್ಲೇ ಎಂಬ ಹುಟ್ಟುಹೆಸರನ್ನು ಗುಲಾಮಗಿರಿಯ ಹೆಸರೆಂದು ಕರೆದು ಕೈಬಿಟ್ಟದ್ದು, 1967ರ ಫೆಬ್ರುವರಿಯಲ್ಲಿ ಹ್ಯೂಸ್ಟನ್‌ನಲ್ಲಿ ಎದುರಾಳಿ ಎರ್ನಿ ಟೆರೆಲ್ ಹಳೆಯ ಹೆಸರಿನಿಂದಲೇ ಕರೆಯುತ್ತಿದ್ದಾರೆಂಬ ಕಾರಣಕ್ಕೆ ಅಖಾಡದಲ್ಲಿ ಗುದ್ದುತ್ತಲೇ ‘ನನ್ನ ಹೆಸರೇನು?’ ಎಂದು ಮತ್ತೆ ಮತ್ತೆ ಕೇಳಿದ್ದು, ಇವನ್ನೆಲ್ಲ ಮಕ್ಕಳು ಕಿವಿಗೊಟ್ಟು ಕೇಳಿದರು. ಆಗ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು, ‘ಮೇಡಂ, ಅಲಿ ಅನ್ನೋದು ಅರಬ್ಬಿ ಹೆಸರು. ಹಂಗಾದರೆ ಅವರ ಹಿರಿಯರಿಗೆ ಆಫ್ರಿಕಾದಾಗ ಇದ್ದ ಹೆಸರು ಯಾವುದು? ಅದನ್ನೇ ಯಾಕೆ ಮತ್ತೆ ಇಟ್ಟುಕೊಳ್ಳಲಿಲ್ಲ?’ ಎಂದು ಕೇಳಿದ.

ಅದು ಅವರಿಗೇ ಗೊತ್ತಿರಲಿಲ್ಲ ಎಂದಷ್ಟೇ ಹೇಳಿ ಪಾಠ ಮುಂದುವರಿಸಿದೆ, ಆದರೆ ನನಗೇ ಸಮಾಧಾನವಾಗಲಿಲ್ಲ. ಇಷ್ಟೊಂದು ಜನರ ಹೆಸರು ಗೊತ್ತಿಲ್ಲದಂತಾಗುವುದು ಹೇಗೆ? ಮನೆಯೊಳಗೆ ತಾಯಿ ಮಗುವಿಗೆ ಪಿಸುಮಾತಿನಲ್ಲಾದರೂ ಹೇಳಿರುವುದಿಲ್ಲವೆ? ಶಿಕ್ಷಕರ ಕೊಠಡಿಯಲ್ಲಿ ಈ ಮಾತು ತೆಗೆದಾಗ ನನ್ನ ಸಹೋದ್ಯೋಗಿಯೊಬ್ಬರು, ಯುರೋಪಿನವರ ನಾಲಿಗೆಗೆ ಆ ಹೆಸರುಗಳು ಹೊರಳದ್ದರಿಂದ ಅನುಕೂಲಕ್ಕಾಗಿ ಬದಲಾಯಿಸಿರಬೇಕು, ಅದರಲ್ಲಿ ದುರುದ್ದೇಶ ಹುಡುಕುವುದು ಬೇಡ ಎಂದರು. ಈ ವಿಷಯವನ್ನು ಓದಿಕೊಂಡವರು ವಿವರವಾಗಿ ತಿಳಿಸಿದರೆ ಆ ಹುಡುಗನಿಗೆ ಸರಿಯಾದ ಉತ್ತರ ಕೊಡಲು ನನಗೆ ಸಾಧ್ಯವಾಗುತ್ತದೆ.

ಕಡತಶೋಧಕ

ಮೇಡಂ, ನೀವು ಆ ಹುಡುಗನಿಗೆ ಹೇಳಿದ ಉತ್ತರ ತಪ್ಪಲ್ಲ. ಮತ್ತೆ ಇಟ್ಟುಕೊಳ್ಳಲು ಆ ಹೆಸರು ಯಾರ ಕೈಯಲ್ಲೂ ಉಳಿದಿರಲಿಲ್ಲ. ಮುಂದೆ ಮಾಲ್ಕಮ್ ಎಕ್ಸ್ ಎಂದು ಹೆಸರಾದ ಕಪ್ಪು ಅಮೆರಿಕನ್ ನಾಯಕ ಮಾಲ್ಕಮ್ ಲಿಟ್ಲ್ ಎಂಬ ತರುಣ 1950ರ ದಶಕದ ಆರಂಭದಲ್ಲಿ ‘ಲಿಟ್ಲ್’ ಎಂಬ ಮನೆತನದ ಹೆಸರನ್ನು ಬಿಟ್ಟು ‘ಎಕ್ಸ್’ ಎಂಬ ಒಂದೇ ಅಕ್ಷರವನ್ನು ಆ ಜಾಗದಲ್ಲಿ ಬರೆದುಕೊಂಡದ್ದು ಇದೇ ಕಾರಣಕ್ಕೆ. ಬೀಜಗಣಿತದಲ್ಲಿ ಬೆಲೆ ಗೊತ್ತಿಲ್ಲದ ಸಂಖ್ಯೆಗೆ ಎಕ್ಸ್ ಎನ್ನುವಂತೆ, ಎಂದಿಗೂ ತಿಳಿಯಲಾರದ ತನ್ನ ಆಫ್ರಿಕನ್ ಮನೆತನದ ಹೆಸರಿನ ಗುರುತಾಗಿ ಆತ ಆ ಅಕ್ಷರವನ್ನು ಇಟ್ಟುಕೊಂಡ.

ಮೊದಲು ನಿಮ್ಮ ಸಹೋದ್ಯೋಗಿಯ ಮಾತನ್ನು ತೆಗೆದುಕೊಳ್ಳುತ್ತೇನೆ. ಉಚ್ಚಾರಣೆಯ ಕಷ್ಟವೆಂಬ ವಾದ ನಿಲ್ಲುವುದಿಲ್ಲ. ಅದೇ ಯುರೋಪಿನ ವ್ಯಾಪಾರಿಗಳು ಪಶ್ಚಿಮ ಆಫ್ರಿಕಾದ ದಾಹೋಮಿ ರಾಜ್ಯದ ರಾಜ ಅಗಾಜನ ಹೆಸರನ್ನೂ ಇಂದಿನ ಅಂಗೋಲಾದಲ್ಲಿದ್ದ ಎನ್ದೊಂಗೊ ನಾಡಿನ ರಾಣಿ ನ್ಜಿಂಗಾಳ ಹೆಸರನ್ನೂ ಕರಾವಳಿಯ ದಲ್ಲಾಳಿಗಳ ಹೆಸರುಗಳನ್ನೂ ತಮ್ಮ ಪತ್ರಗಳಲ್ಲಿ ತಮಗೆ ತಿಳಿದಂತೆ ಬರೆದಿಟ್ಟಿದ್ದಾರೆ. ಯಾರೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕಿತ್ತೋ ಅವರ ಹೆಸರು ಅವರ ನಾಲಿಗೆಗೆ ಹೊರಳಿತು, ಯಾರನ್ನು ಕೊಳ್ಳುತ್ತಿದ್ದರೋ ಅವರ ಹೆಸರು ಮಾತ್ರ ಹೊರಳಲಿಲ್ಲ.

ಅಟ್ಲಾಂಟಿಕ್ ಗುಲಾಮ ವ್ಯಾಪಾರದ ಮೂರೂವರೆ ಶತಮಾನಗಳಲ್ಲಿ ಸುಮಾರು 1 ಕೋಟಿ 25 ಲಕ್ಷ ಆಫ್ರಿಕನ್ನರನ್ನು ಹಡಗು ಹತ್ತಿಸಲಾಯಿತು. ಜೀವಂತವಾಗಿ ಆಚೆಯ ದಡ ಕಂಡವರು ಸುಮಾರು 1 ಕೋಟಿ 7 ಲಕ್ಷ ಜನ. ಇವರಲ್ಲಿ ಇಂದಿನ ಅಮೆರಿಕ ಸಂಯುಕ್ತ ಸಂಸ್ಥಾನದ ನೆಲಕ್ಕೆ ನೇರವಾಗಿ ಬಂದಿಳಿದವರು 4 ಲಕ್ಷಕ್ಕೂ ಕಡಿಮೆ, ಉಳಿದವರಲ್ಲಿ ಹೆಚ್ಚಿನವರು ಬ್ರೆಜಿಲ್‌ಗೂ ಕೆರಿಬಿಯನ್ ದ್ವೀಪಗಳಿಗೂ ಹೋದವರು. ಕರಾವಳಿಯ ಕೋಟೆಗಳ ಲೆಕ್ಕದ ಪುಸ್ತಕಗಳಲ್ಲಿ ಈ ಜನ ಗಂಡಸು, ಹೆಂಗಸು, ಹುಡುಗ, ಹುಡುಗಿ ಎಂಬ ನಾಲ್ಕು ಕಲಮುಗಳಲ್ಲಿ ಬರುತ್ತಾರೆ, ಪಕ್ಕದಲ್ಲಿ ಕೊಟ್ಟ ಬಟ್ಟೆ, ಕಬ್ಬಿಣದ ಸಲಾಕೆ, ಕವಡೆಗಳ ಲೆಕ್ಕವಿರುತ್ತದೆ. ಹೆಸರಿನ ಕಲಮು ಅಲ್ಲಿ ಇರಲೇ ಇಲ್ಲ. ಗುರುತಿಗೆ ಬೇಕಾದದ್ದನ್ನು ಕಾಯಿಸಿದ ಲೋಹದಿಂದ ಮೈಮೇಲೆಯೇ ಬರೆಯುತ್ತಿದ್ದರು. ಇಂಗ್ಲೆಂಡಿನ ರಾಯಲ್ ಆಫ್ರಿಕನ್ ಕಂಪನಿಯ ಜನರ ಎದೆಯ ಮೇಲೆ ಸುಟ್ಟ ‘ಡಿವೈ’ ಎಂಬ ಎರಡು ಅಕ್ಷರಗಳು ಕಂಪನಿಯ ಮುಖ್ಯಸ್ಥನಾದ ಡ್ಯೂಕ್ ಆಫ್ ಯಾರ್ಕ್‌ನನ್ನು ಸೂಚಿಸುತ್ತಿದ್ದವು. ಅಂದರೆ ಗುಲಾಮನ ಎದೆಯ ಮೇಲೆ ಇದ್ದದ್ದು ಅವನನ್ನು ಕೊಂಡವನ ಹೆಸರು.

ಪೋರ್ಚುಗೀಸರ ಪದ್ಧತಿ ಬೇರೆಯಾಗಿತ್ತು. ಅಂಗೋಲಾದ ಲುವಾಂಡಾ ಬಂದರಿನಲ್ಲಿ ಹಡಗು ಹತ್ತುವ ಮೊದಲು ನೂರಾರು ಜನರನ್ನು ಒಟ್ಟಿಗೆ ನಿಲ್ಲಿಸಿ ಕ್ರೈಸ್ತ ದೀಕ್ಷಾಸ್ನಾನ ಮಾಡಿಸುತ್ತಿದ್ದರು. ಹೊಸ ಹೆಸರು ಮರೆತುಹೋಗದಿರಲೆಂದು ಚೀಟಿಯಲ್ಲಿ ಬರೆದು ಕೈಗೆ ಕೊಡುತ್ತಿದ್ದರು, ನಾಲಿಗೆಯ ಮೇಲೆ ಒಂದು ಹರಳು ಉಪ್ಪು ಇಡುತ್ತಿದ್ದರು. ಓದಲು ಬಾರದ ಲಿಪಿಯಲ್ಲಿ ಬರೆದ, ಕೇಳಿಯೇ ಅರಿಯದ ಹೆಸರಿನ ಚೀಟಿಯನ್ನು ಹಿಡಿದು ಆ ಜನ ಹಡಗಿನ ತಳಕ್ಕೆ ಇಳಿದರು. ಆಚೆ ದಡದಲ್ಲಿ ಆ ಹೆಸರಿಗೆ ಬಂದರಿನ ಇಲ್ಲವೆ ಪ್ರದೇಶದ ಹೆಸರು ಅಂಟಿಕೊಂಡು ಮರಿಯಾ ಅಂಗೋಲಾ, ಜೊವಾವ್ ಕಾಂಗೋ ಎಂಬಂತಹ ಹೆಸರುಗಳಾದವು. ಇಂದಿನ ಘಾನಾದ ಎಲ್ಮಿನಾ ಕೋಟೆಯ ಆಸುಪಾಸಿನ ಕರಾವಳಿಯಿಂದ ಹೊರಟವರೆಲ್ಲ, ಅವರವರ ಭಾಷೆ, ಕುಲ, ದೈವ ಯಾವುದೇ ಇರಲಿ, ‘ಮಿನಾ’ ಆದರು. ಕೊರ್ಮಂಟಿನ್ ಕೋಟೆಯ ಕಡೆಯಿಂದ ಬಂದ ಅಕಾನ್ ಜನ ಇಂಗ್ಲಿಷರ ಬಾಯಲ್ಲಿ ‘ಕೊರೊಮಂಟಿ’ ಆದರು. ವ್ಯಕ್ತಿಯ ಹೆಸರು ಹೋದದ್ದನ್ನು ಎಲ್ಲರೂ ಹೇಳುತ್ತಾರೆ, ಜನಾಂಗದ ಹೆಸರೂ ಹೀಗೆ ಹೋಯಿತೆಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ.

ತರಗತಿಯಲ್ಲಿ ಹೇಳಲು ತಕ್ಕ ಎರಡು ಉದಾಹರಣೆಗಳನ್ನು ಕೊಡುತ್ತೇನೆ. ಮೊದಲನೆಯದು ಒಲಾಡಾ ಇಕ್ವಿಯಾನೋನದು. 1789ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಆತ ಹೇಳುವಂತೆ, ಇಂದಿನ ನೈಜೀರಿಯಾದ ಇಗ್ಬೊ ನಾಡಿನಲ್ಲಿ ತಂದೆತಾಯಿ ಇಟ್ಟ ‘ಒಲಾಡಾ’ ಎಂಬ ಹೆಸರಿಗೆ ಅದೃಷ್ಟವಂತ, ಗಟ್ಟಿ ದನಿಯವನು, ಚೆನ್ನಾಗಿ ಮಾತನಾಡುವವನು ಎಂಬ ಅರ್ಥಗಳಿದ್ದವು. ಅಪಹರಣಗೊಂಡ ಮೇಲೆ ಹಡಗಿನಲ್ಲಿ ಆತ ಮೈಕೆಲ್ ಆದ, ವರ್ಜೀನಿಯಾದ ತೋಟದಲ್ಲಿ ಜೇಕಬ್ ಆದ. ಆಮೇಲೆ ಕೊಂಡುಕೊಂಡ ನೌಕಾಧಿಕಾರಿ ಪಾಸ್ಕಲ್ ಎಂಬವನು ಸ್ವೀಡನ್ನಿನ ರಾಜನೊಬ್ಬನ ಹೆಸರಾದ ಗುಸ್ತಾವಸ್ ವಾಸಾ ಎಂಬುದನ್ನು ಇಟ್ಟ. ಹುಡುಗ ಒಪ್ಪಲಿಲ್ಲ. ತನ್ನನ್ನು ಜೇಕಬ್ ಎಂದೇ ಕರೆಯಬೇಕೆಂದು ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದ. ಹೊಸ ಹೆಸರಿಗೆ ಓಗೊಡದ ಪ್ರತಿಸಲವೂ ಪೆಟ್ಟು ತಿಂದು ಕೊನೆಗೆ ಸೋತ. ಇದನ್ನು ಓದುವಾಗಲೆಲ್ಲ ನಾನು ಒಂದು ಕಡೆ ನಿಂತುಬಿಡುತ್ತೇನೆ: ಪೆಟ್ಟು ತಿಂದಾದರೂ ಆತ ಉಳಿಸಿಕೊಳ್ಳಲು ಹೆಣಗಿದ ‘ಜೇಕಬ್’ ಕೂಡ ಇನ್ನೊಬ್ಬ ಒಡೆಯನ ಕಡೆಯಿಂದ ಬಂದದ್ದು. ಒಲಾಡಾ ಎಂಬುದನ್ನು ಆ ಹಡಗಿನ ಮೇಲೆ ಬಾಯಿಬಿಟ್ಟು ಹೇಳುವ ಅವಕಾಶವೇ ಆ ಹೊತ್ತಿಗಾಗಲೇ ಮುಗಿದುಹೋಗಿತ್ತು.

ಎರಡನೆಯದು ಫಿಲಿಸ್ ವೀಟ್ಲಿಯದು. 1761ರಲ್ಲಿ ಬಾಸ್ಟನ್ ಬಂದರಿಗೆ ಬಂದ ಹಡಗಿನಿಂದ ಒಂದು ಪುಟ್ಟ ಹುಡುಗಿಯನ್ನು ವೀಟ್ಲಿ ಕುಟುಂಬ ಕೊಂಡಿತು. ಮುಂದಿನ ಹಾಲುಹಲ್ಲುಗಳು ಬಿದ್ದಿದ್ದವಾದ್ದರಿಂದ ವಯಸ್ಸು ಏಳಿರಬೇಕೆಂದು ಅಂದಾಜು ಮಾಡಿದರು. ಆಕೆಯನ್ನು ಹೊತ್ತು ತಂದ ಹಡಗಿನ ಹೆಸರು ಫಿಲಿಸ್. ಅದೇ ಅವಳ ಹೆಸರಾಯಿತು, ಕೊಂಡವರ ಮನೆತನ ಅವಳ ಮನೆತನವಾಯಿತು. ಹನ್ನೆರಡೇ ವರ್ಷಗಳಲ್ಲಿ, ಅಂದರೆ 1773ರಲ್ಲಿ, ಆಕೆಯ ಇಂಗ್ಲಿಷ್ ಕವನ ಸಂಕಲನ ಲಂಡನ್ನಿನಲ್ಲಿ ಪ್ರಕಟವಾಯಿತು. ತಾಯ್ನಾಡಿನ ನೆನಪಾಗಿ ಆಕೆಯಲ್ಲಿ ಉಳಿದದ್ದು ಬೆಳಗಿನ ಹೊತ್ತು ಉದಯಿಸುವ ಸೂರ್ಯನ ಎದುರು ತಾಯಿ ನೀರು ಎರೆಯುತ್ತಿದ್ದ ಒಂದು ಚಿತ್ರ ಮಾತ್ರವೆಂದು ಒಡೆಯರ ಬಳಗದವರು ದಾಖಲಿಸಿದ್ದಾರೆ. ಆ ತಾಯಿ ಮಗಳನ್ನು ಏನೆಂದು ಕರೆಯುತ್ತಿದ್ದಳೆಂಬುದು ಎಲ್ಲಿಯೂ ಇಲ್ಲ.

ಇನ್ನು ಸರಕಾರಿ ದಾಖಲೆಗೆ ಬರೋಣ. 1850 ಮತ್ತು 1860ರ ಅಮೆರಿಕದ ಜನಗಣತಿಯಲ್ಲಿ ಗುಲಾಮರಿಗಾಗಿ ಪ್ರತ್ಯೇಕ ಪಟ್ಟಿ ಇತ್ತು. ಅದರಲ್ಲಿ ಒಡೆಯನ ಹೆಸರು ಇರುತ್ತದೆ, ಅದರ ಕೆಳಗೆ ವಯಸ್ಸು, ಲಿಂಗ, ಬಣ್ಣ. 35, ಗಂಡು, ಕಪ್ಪು. 28, ಹೆಣ್ಣು, ಕಪ್ಪು. 4, ಹೆಣ್ಣು, ಮಿಶ್ರ. ಒಂದು ಕುಟುಂಬವೇ ಅಲ್ಲಿರಬಹುದು, ಯಾರು ಯಾರಿಗೆ ಏನಾಗಬೇಕೆಂದು ತಿಳಿಯುವ ದಾರಿ ಇಲ್ಲ. 1860ರಲ್ಲಿ ಹೀಗೆ ಎಣಿಸಿದ್ದು ಸುಮಾರು 40 ಲಕ್ಷ ಜನರನ್ನು. ಇವರ ಹೆಸರು ಜನಗಣತಿಯಲ್ಲಿ ಮೊದಲ ಬಾರಿಗೆ ಬಂದದ್ದು ಬಿಡುಗಡೆಯ ನಂತರ, 1870ರಲ್ಲಿ. ಇಂದಿನ ಆಫ್ರಿಕನ್ ಅಮೆರಿಕನ್ನರು ವಂಶವೃಕ್ಷ ಹುಡುಕಹೊರಟರೆ ಬಹಳಷ್ಟು ಜನರ ದಾರಿ ಈ ವರ್ಷದ ಹತ್ತಿರ ಬಂದು ನಿಂತುಹೋಗುತ್ತದೆ, ಅವರಲ್ಲಿ ಅದಕ್ಕೆ ‘1870ರ ಗೋಡೆ’ ಎಂಬ ಮಾತೇ ಇದೆ. ಅಲಿಯವರ ಆಫ್ರಿಕನ್ ಹಿರಿಯರ ಹೆಸರು ಇರುವುದು ಆ ಗೋಡೆಯ ಆಚೆಗೆ.

ದೂರದೇಶಿ

ಕಡತಶೋಧಕ ಅವರ ವಿವರಣೆಗೆ ಧನ್ಯವಾದಗಳು. ಆದರೂ ಒಂದು ಮಾತನ್ನು ಸೇರಿಸಲೇಬೇಕೆನಿಸುತ್ತದೆ. ಹೆಸರುಗಳು ‘ಅಳಿದವು’ ಎಂದು ಹೇಳುವಾಗ, ದಾಖಲೆಯಲ್ಲಿ ಇಲ್ಲದ್ದು ಬದುಕಿನಲ್ಲೂ ಇರಲಿಲ್ಲವೆಂದು ನಾವು ತಿಳಿದುಬಿಡುವ ಅಪಾಯವಿದೆ. ಮೇಡಂ ಕೇಳಿದ, ತಾಯಿಯ ಪಿಸುಮಾತಿನ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲಿಯೇ.

ಇಂದಿನ ಘಾನಾದ ಅಕಾನ್ ಜನರಲ್ಲಿ ಮಗು ಹುಟ್ಟಿದ ವಾರದ ದಿನವೇ ಅದರ ಒಂದು ಹೆಸರು. ಸೋಮವಾರ ಹುಟ್ಟಿದವನು ಕೋಜೊ, ಶುಕ್ರವಾರದವನು ಕೋಫಿ, ಶನಿವಾರದವನು ಕ್ವಾಮೆ, ಭಾನುವಾರದವನು ಕ್ವಾಸಿ. ಹುಡುಗಿಯರಿಗೆ ಅಕೋಸುವಾ, ಅಬೆನಾ, ಅಮಾ ಹೀಗೆ. ಜಮೈಕಾದ ತೋಟಗಳ ಪಟ್ಟಿಗಳಲ್ಲಿ ಸೀಸರ್, ಪಾಂಪೆ, ಜುಪಿಟರ್, ವೀನಸ್ ಎಂಬ ರೋಮನ್ ಹೆಸರುಗಳ ಪಕ್ಕದಲ್ಲಿಯೇ ಕಡ್ಜೋ, ಕಫಿ, ಕ್ವಾಶಿ ಎಂಬ ಹೆಸರುಗಳೂ ಕಾಣುತ್ತವೆ. ಬ್ರಿಟಿಷರನ್ನು ಬೆಟ್ಟಗಳಲ್ಲಿ ಎದುರಿಸಿ ನಿಂತು 1739ರಲ್ಲಿ ಒಪ್ಪಂದಕ್ಕೆ ಬರುವಂತೆ ಮಾಡಿದ ಮರೂನ್ (ತೋಟಗಳಿಂದ ತಪ್ಪಿಸಿಕೊಂಡು ಬೆಟ್ಟ ಸೇರಿದ ಗುಲಾಮರ) ನಾಯಕನ ಹೆಸರು ಕಡ್ಜೋ, ಅಂದರೆ ಸೋಮವಾರದವನು. ಕಾಲಕ್ರಮದಲ್ಲಿ ಬಿಳಿಯರ ಬಾಯಲ್ಲಿ ಕ್ವಾಶಿ ಎಂದರೆ ದಡ್ಡ, ಸೋಮಾರಿ ಎಂಬ ಬೈಗುಳವಾಯಿತು. ತನ್ನ ಅಜ್ಜನ ಹೆಸರೇ ಬೈಗುಳವಾದ ಮೇಲೆ ಯಾವ ತಾಯಿ ಅದನ್ನು ಮಗನಿಗೆ ಇಡುತ್ತಾಳೆ? ಹೆಸರನ್ನು ನಿಷೇಧಿಸದೆಯೂ ಹೀಗೆ ಹಾಳುಮಾಡಬಹುದು.

ಮ್ಯಾಸಚೂಸೆಟ್ಸ್‌ನ ಪಾಲ್ ಕಫಿಯ ಸಂಗತಿ ನನಗೆ ಬಹಳ ಪ್ರಿಯವಾದದ್ದು. ಅವನ ತಂದೆ ಪಶ್ಚಿಮ ಆಫ್ರಿಕಾದಿಂದ ಹಿಡಿದು ತಂದ ಕೋಫಿ. ಒಡೆಯರ ಮನೆತನ ಸ್ಲೋಕಮ್ ಆದ್ದರಿಂದ ಬಿಡುಗಡೆಯ ನಂತರವೂ ಆತ ಕಫಿ ಸ್ಲೋಕಮ್ ಆಗಿಯೇ ಉಳಿದ. 1759ರಲ್ಲಿ ಹುಟ್ಟಿದ ಮಗ ಪಾಲ್, ತಂದೆ ತೀರಿಕೊಂಡ ಮೇಲೆ, ಸ್ಲೋಕಮ್ ಎಂಬುದನ್ನು ಬಿಟ್ಟು ತಂದೆಯ ಹೆಸರನ್ನೇ ಮನೆತನದ ಹೆಸರಾಗಿ ಮಾಡಿಕೊಂಡ, ಒಡಹುಟ್ಟಿದವರಲ್ಲಿ ಹಲವರು ಅವನನ್ನು ಅನುಸರಿಸಿದರು. ಮುಂದೆ ಸ್ವಂತ ಹಡಗುಗಳ ಒಡೆಯನಾಗಿ, 1816ರಲ್ಲಿ 38 ಜನ ಕಪ್ಪು ಅಮೆರಿಕನ್ನರನ್ನು ತನ್ನ ಹಡಗಿನಲ್ಲಿಯೇ ಆಫ್ರಿಕಾದ ಸಿಯೆರಾ ಲಿಯೋನಿಗೆ ಕರೆದೊಯ್ದ. ನಿಮ್ಮ ವಿದ್ಯಾರ್ಥಿ ಕೇಳಿದ ಕೆಲಸವನ್ನು ಮಾಡಿದವನೊಬ್ಬ ಇದ್ದ ಎಂದು ತರಗತಿಯಲ್ಲಿ ಹೇಳಬಹುದು. ಅವನಿಗೆ ಅದು ಸಾಧ್ಯವಾದದ್ದು ತಂದೆಯ ಹೆಸರು ಇನ್ನೂ ಕಿವಿಯಲ್ಲಿ ಇದ್ದುದರಿಂದ.

ಇನ್ನೊಂದು, ದಕ್ಷಿಣ ಕೆರೊಲಿನಾ ಮತ್ತು ಜಾರ್ಜಿಯಾ ಕರಾವಳಿಯ ಗಲ್ಲಾ ಜನರದು. ದ್ವೀಪಗಳಲ್ಲಿ, ಭತ್ತದ ಗದ್ದೆಗಳ ನಡುವೆ, ಬಿಳಿಯರಿಂದ ಅಷ್ಟಿಷ್ಟು ದೂರದಲ್ಲಿ ಬದುಕಿದ್ದರಿಂದ ಇವರಲ್ಲಿ ಆಫ್ರಿಕಾದ ಎಷ್ಟೋ ಸಂಗತಿಗಳು ಉಳಿದವು. ಲೊರೆಂಜೊ ಡೌ ಟರ್ನರ್ ಎಂಬ ಕಪ್ಪು ಭಾಷಾವಿಜ್ಞಾನಿ 1930ರ ದಶಕದಲ್ಲಿ ಅಲ್ಲಿ ಸುತ್ತಾಡಿದಾಗ, ಪ್ರತಿಯೊಬ್ಬರಿಗೂ ಎರಡು ಹೆಸರುಗಳಿರುವುದು ತಿಳಿಯಿತು. ಶಾಲೆಗೂ ಹೊರಗಿನವರಿಗೂ ಇಂಗ್ಲಿಷ್ ಹೆಸರು, ಮನೆಯವರ ಬಾಯಲ್ಲಿ ಇನ್ನೊಂದು. ಅದನ್ನು ಅವರು ‘ಬುಟ್ಟಿಯ ಹೆಸರು’ ಎನ್ನುತ್ತಿದ್ದರು, ಕೂಸು ಬುಟ್ಟಿಯಲ್ಲಿ ಮಲಗಿದ್ದಾಗ ಇಟ್ಟದ್ದು ಎಂಬ ಅರ್ಥದಲ್ಲಿ. ಅದಕ್ಕೆ ಮೊದಲು ಬಂದ ಬಿಳಿಯ ವಿದ್ವಾಂಸರಿಗೆ ಈ ಎರಡನೆಯ ಹೆಸರನ್ನು ಯಾರೂ ಹೇಳಿರಲಿಲ್ಲ, ಆದ್ದರಿಂದ ಗಲ್ಲಾ ಮಾತಿನಲ್ಲಿ ಆಫ್ರಿಕಾದ್ದು ಏನೂ ಇಲ್ಲವೆಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಟರ್ನರ್ 1949ರಲ್ಲಿ ಪ್ರಕಟಿಸಿದ ಸಂಗ್ರಹದಲ್ಲಿ ಆಫ್ರಿಕಾ ಮೂಲದ ಸಾವಿರಾರು ವ್ಯಕ್ತಿನಾಮಗಳಿವೆ.

ಅದೇ ಓಡಾಟದಲ್ಲಿ ಜಾರ್ಜಿಯಾದ ಹ್ಯಾರಿಸ್ ನೆಕ್ ಎಂಬಲ್ಲಿ ಅಮೀಲಿಯಾ ಡಾಲಿ ಎಂಬಾಕೆ ಹಾಡಿದ ಐದು ಸಾಲಿನ ಒಂದು ಹಾಡನ್ನು ಟರ್ನರ್ ಧ್ವನಿಮುದ್ರಿಸಿಕೊಂಡರು. ತಲೆಮಾರಿನಿಂದ ತಲೆಮಾರಿಗೆ ಹೆಣ್ಣುಮಕ್ಕಳ ಬಾಯಿಂದ ಬಂದಿದ್ದ ಆ ಹಾಡಿನ ಅರ್ಥ ಆಕೆಗೇ ಗೊತ್ತಿರಲಿಲ್ಲ. ಅದು ಸಿಯೆರಾ ಲಿಯೋನಿನ ಮೆಂಡೆ ಭಾಷೆ. 1990ರ ದಶಕದಲ್ಲಿ ಸಂಶೋಧಕರು ಧ್ವನಿಮುದ್ರಣವನ್ನು ಹಿಡಿದು ಅಲ್ಲಿಯ ಹಳ್ಳಿ ಹಳ್ಳಿ ಅಲೆದು, ಸೆನೆಹುನ್ ಎನ್ಗೋಲಾ ಎಂಬ ಊರಿಗೆ ಬಂದಾಗ ಬೆಂಡು ಜಬಾಟಿ ಎಂಬ ಹೆಂಗಸು ಕೇಳಿದ ಕೂಡಲೇ ದನಿಗೂಡಿಸಿದಳು. ಸತ್ತವರಿಗೆ ಗೋರಿಯ ಬಳಿ ಹೆಂಗಸರು ಹಾಡುವ ಹಾಡು ಅದು. ಈ ಹಾಡು ಬಲ್ಲವರು ನಮ್ಮ ಕಳೆದುಹೋದ ರಕ್ತಸಂಬಂಧಿಗಳೆಂದು ತಿಳಿ ಎಂದು ಅಜ್ಜಿ ಆಕೆಗೆ ಹೇಳಿದ್ದಳಂತೆ. 1997ರಲ್ಲಿ ಅಮೀಲಿಯಾಳ ಮಗಳು ಮೇರಿ ಮೊರಾನ್ ಆ ಊರಿಗೇ ಹೋದಳು. ಎರಡು ಶತಮಾನಗಳ ಹಿಂದೆ ಹೊರಟುಹೋದ ಹೆಣ್ಣಿನ ಹೆಸರು ಎರಡೂ ಕಡೆಯವರಿಗೆ ತಿಳಿಯದು, ಆಕೆಯ ಹಾಡು ಎರಡೂ ಕಡೆ ಇತ್ತು.

ಒಡೆಯರು ಒಂದೇ ಭಾಷೆಯವರನ್ನು ಎಲ್ಲೆಡೆಯೂ ಬೇರೆ ಬೇರೆ ಮಾಡಿಬಿಟ್ಟರು ಎಂಬ ಮಾತು ಆಗಾಗ ಕೇಳಿಬರುತ್ತದೆ, ಅದೂ ಎಲ್ಲ ಕಡೆಗೂ ಹೊಂದುವುದಿಲ್ಲ. 1739ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೊ ನದಿಯ ಬಳಿ ಡೋಲು ಬಾರಿಸುತ್ತಾ ದಂಗೆಯೆದ್ದವರ ಮುಂದಾಳುಗಳು ಕಾಂಗೋ ಕಡೆಯವರೇ ಆಗಿದ್ದರು. ಮರುವರ್ಷ, ಅಂದರೆ 1740ರಲ್ಲಿ, ಅಲ್ಲಿಯ ಶಾಸನಸಭೆ ಗುಲಾಮರು ಡೋಲು, ಕೊಂಬು ಇಟ್ಟುಕೊಳ್ಳುವುದನ್ನೂ ಅವರಿಗೆ ಬರವಣಿಗೆ ಕಲಿಸುವುದನ್ನೂ ಒಂದೇ ಕಾನೂನಿನಲ್ಲಿ ನಿಷೇಧಿಸಿತು. ಅನುಕೂಲಕ್ಕಾಗಿ ಆದದ್ದು ಎನ್ನುವ ಸಹೋದ್ಯೋಗಿಗೆ ಈ ಕಾನೂನನ್ನು ತೋರಿಸಬಹುದು.

ಶಾಲ್ಮಲಾ ತೀರ

ಇಬ್ಬರಿಗೂ ಕೃತಜ್ಞತೆಗಳು. ‘35, ಗಂಡು, ಕಪ್ಪು’ ಎಂಬ ಸಾಲನ್ನು ಓದಿದ ಮೇಲೆ ಬಹಳ ಹೊತ್ತು ಬೇರೆ ಕೆಲಸಕ್ಕೆ ಮನಸ್ಸು ಹೋಗಲಿಲ್ಲ. ಇನ್ನೊಂದು ಸಂಶಯವಿದೆ. ಬಿಡುಗಡೆ ಸಿಕ್ಕಮೇಲೆ ಅವರು ತಮಗೆ ಬೇಕಾದ ಹೆಸರು ಇಟ್ಟುಕೊಳ್ಳಬಹುದಿತ್ತಲ್ಲವೆ? ಹಾಗಿದ್ದೂ ಇಂದಿಗೂ ವಾಷಿಂಗ್ಟನ್, ಜಾಕ್ಸನ್, ಜಾನ್ಸನ್ ಎಂಬ ಬಿಳಿಯರ ಮನೆತನಗಳ ಹೆಸರೇ ಅವರಲ್ಲಿ ಹೆಚ್ಚಾಗಿ ಏಕೆ ಉಳಿದಿವೆ? ಮಕ್ಕಳು ಇದನ್ನೂ ಕೇಳಿಯೇ ಕೇಳುತ್ತಾರೆ.

ಕಡತಶೋಧಕ

ದೂರದೇಶಿ ಅವರ ತಿದ್ದುಪಡಿಯನ್ನು ಒಪ್ಪುತ್ತೇನೆ, ನಾನು ಕಡತಗಳ ಕಡೆಯಿಂದಲೇ ನೋಡಿ ಬರೆದಿದ್ದೆ.

ಬಿಡುಗಡೆಯಾದ ಕೂಡಲೇ ಜನ ಮಾಡಲು ಬಯಸಿದ ಎರಡು ಕೆಲಸಗಳೆಂದರೆ ಹೆಸರು ಬದಲಾಯಿಸುವುದು ಮತ್ತು ಕೆಲವು ದಿನಗಳಿಗಾದರೂ ಹಳೆಯ ತೋಟವನ್ನು ಬಿಟ್ಟು ಹೊರಗೆ ಹೋಗಿ ಬರುವುದು ಎಂದು, ಗುಲಾಮರಾಗಿ ಹುಟ್ಟಿ ಮುಂದೆ ಶಿಕ್ಷಣತಜ್ಞರಾದ ಬುಕರ್ ಟಿ. ವಾಷಿಂಗ್ಟನ್ ತಮ್ಮ ಆತ್ಮಕಥೆಯಲ್ಲಿ 1901ರಲ್ಲಿ ಬರೆದಿದ್ದಾರೆ. ಗುಲಾಮನಿಗೆ ಇದ್ದದ್ದು ಒಂದೇ ಹೆಸರು, ಅದರ ಹಿಂದೆ ಇಂಥವರ ಜಾನ್ ಎಂಬಂತೆ ಒಡೆಯನ ಹೆಸರು. ಬಿಡುಗಡೆಯ ನಂತರ ಜಾನ್ ಎಂಬವನು ಜಾನ್ ಎಸ್. ಲಿಂಕನ್ ಆಗುತ್ತಿದ್ದ. ನಡುವಿನ ‘ಎಸ್’ ಯಾವ ಹೆಸರಿನ ಮೊದಲಕ್ಷರವೂ ಅಲ್ಲ. ಸ್ವತಂತ್ರನಾದ ಮನುಷ್ಯನಿಗೆ ಅಂಥದೊಂದು ಅಕ್ಷರ ಸಲ್ಲಬೇಕೆಂಬ ಹೆಮ್ಮೆಯಿಂದ ಇಟ್ಟುಕೊಂಡದ್ದು. ಸ್ವತಃ ಬುಕರ್ ಮೊದಲ ದಿನ ಶಾಲೆಗೆ ಹೋದಾಗ, ಹಾಜರಿ ಕರೆಯುವಾಗ ಉಳಿದ ಮಕ್ಕಳಿಗೆಲ್ಲ ಎರಡೆರಡು ಹೆಸರಿರುವುದನ್ನು ಕೇಳಿ ಗಾಬರಿಯಾದರು. ತಮ್ಮ ಸರದಿ ಬರುವಷ್ಟರಲ್ಲಿ ಯೋಚಿಸಿ ‘ಬುಕರ್ ವಾಷಿಂಗ್ಟನ್’ ಎಂದುಬಿಟ್ಟರು. ಮೇಡಂ, ಹಾಜರಿ ಪುಸ್ತಕ ಹಿಡಿದವರು ನೀವು, ಈ ಸಂಗತಿಯನ್ನು ನನಗಿಂತ ಚೆನ್ನಾಗಿ ಹೇಳಬಲ್ಲಿರಿ.

ಒಡೆಯರ ಮನೆತನದ ಹೆಸರನ್ನೇ ಉಳಿಸಿಕೊಂಡವರೂ ಇದ್ದರು. ಅದಕ್ಕಿದ್ದ ಒಂದು ಕಾರಣ ಮನಸ್ಸನ್ನು ಕಲಕುತ್ತದೆ. ಹರಾಜಿನಲ್ಲಿ ಮಾರಿಹೋದ ಗಂಡ, ತಾಯಿ, ಮಗಳು ಎಲ್ಲಿದ್ದರೂ ತಮ್ಮನ್ನು ಹುಡುಕಿಕೊಂಡು ಬರಬೇಕಾದರೆ ಅವರಿಗೆ ಗೊತ್ತಿದ್ದದ್ದು ಆ ಹಳೆಯ ಹೆಸರು ಮಾತ್ರ. ಅಂತರ್ಯುದ್ಧ ಮುಗಿದ ನಂತರ ಹಲವಾರು ದಶಕಗಳವರೆಗೆ ಕಪ್ಪು ಜನರ ಪತ್ರಿಕೆಗಳಲ್ಲಿ ‘ಮಾಹಿತಿ ಬೇಕಾಗಿದೆ’ ಎಂಬ ಜಾಹೀರಾತುಗಳು ಬರುತ್ತಿದ್ದವು. ನನ್ನ ತಾಯಿಯನ್ನು ಇಂಥ ಒಡೆಯ ಇಂಥವನಿಗೆ ಮಾರಿದ, ಆಗ ನಾನು ಇಷ್ಟು ಚಿಕ್ಕವನು ಎಂಬ ಒಕ್ಕಣೆ ಅವುಗಳದು. ಕಿತ್ತುಕೊಂಡವನ ಹೆಸರನ್ನೇ ಹುಡುಕಾಟದ ಗುರುತಾಗಿ ಬಳಸದೆ ಬೇರೆ ದಾರಿಯೇ ಅವರಿಗೆ ಇರಲಿಲ್ಲ. ಹಾಗಾಗಿ ಒಂದು ಮನೆತನ ಬಿಳಿಯರ ಹೆಸರನ್ನು ಹೊತ್ತಿದೆಯೆಂದ ಮಾತ್ರಕ್ಕೆ ಅವರು ಅದಕ್ಕೆ ಒಗ್ಗಿಹೋದರೆಂದು ತಿಳಿಯಬಾರದು.

ಗುಲಾಮಗಿರಿಯಿಂದ ತಪ್ಪಿಸಿಕೊಂಡು ಅದರ ವಿರುದ್ಧವೇ ಹೋರಾಡಿದ ಫ್ರೆಡರಿಕ್ ಡಗ್ಲಸ್‌ರದು ಇನ್ನೊಂದು ಬಗೆ. ತಾಯಿ ಇಟ್ಟದ್ದು ಫ್ರೆಡರಿಕ್ ಅಗಸ್ಟಸ್ ವಾಷಿಂಗ್ಟನ್ ಬೇಲಿ ಎಂಬ ಉದ್ದದ ಹೆಸರು. 1838ರಲ್ಲಿ ತಪ್ಪಿಸಿಕೊಂಡು ಬಂದಾಗ ಹಿಡಿಯುವವರ ಭಯಕ್ಕೆ ಬೇಲಿ ಹೋಗಿ ಜಾನ್ಸನ್ ಆಯಿತು, ನ್ಯೂ ಬೆಡ್‌ಫರ್ಡ್‌ನಲ್ಲಿ ಆಗಲೇ ಜಾನ್ಸನ್‌ಗಳು ವಿಪರೀತ ಇದ್ದುದರಿಂದ ಆಶ್ರಯ ಕೊಟ್ಟವರು ಡಗ್ಲಸ್ ಎಂಬುದನ್ನು ಸೂಚಿಸಿದರು. ಮನೆತನದ ಹೆಸರು ಯಾವುದನ್ನಾದರೂ ಇಡಿ, ಫ್ರೆಡರಿಕ್ ಎಂಬುದನ್ನು ಮಾತ್ರ ಬಿಡಲಾರೆ ಎಂದು ಅವರು ಹೇಳಿದ್ದರು.

ದಕ್ಷಿಣ ಅಮೆರಿಕದಲ್ಲಿ ಡಚ್ಚರ ವಸಾಹತಾಗಿದ್ದ ಸುರಿನಾಮ್‌ನಲ್ಲಿ 1863ರಲ್ಲಿ ಬಿಡುಗಡೆಯಾದಾಗ ಆಡಳಿತವೇ ಮನೆತನದ ಹೆಸರು ಹಂಚಿತು. ಬಿಳಿಯರ ಕುಟುಂಬದ ಹೆಸರು ಇವರಿಗೆ ಹೋಗಬಾರದಲ್ಲ, ಆದ್ದರಿಂದ ಅದನ್ನೇ ಹಿಂದುಮುಂದು ಮಾಡಿ ಕೊಟ್ಟರು. ವಿಲ್ಕೆನ್ಸ್ ಎಂಬುದು ಕೆನ್ಸ್‌ವಿಲ್ ಆಯಿತು, ಡಿ ವ್ರೀಸ್ ಎಂಬುದು ವ್ರೀಸ್‌ಡಿ ಆಯಿತು. ಆ ಹೆಸರುಗಳನ್ನು ಹೊತ್ತವರು ಇಂದಿಗೂ ಇದ್ದಾರೆ.

ಹಳಿಯಾಳದವ

ಈ ಚರ್ಚೆಯಲ್ಲಿ ನಮ್ಮ ನೆಲದ ಮಾತು ಬಂದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಆಫ್ರಿಕನ್ನರನ್ನು ಮಾರಿದ ಹಡಗುಗಳು ಪಶ್ಚಿಮಕ್ಕೆ ಮಾತ್ರ ಹೋಗಲಿಲ್ಲ. ಅರಬ್ಬಿ ಸಮುದ್ರ ದಾಟಿ ನಮ್ಮ ಕಡೆಗೂ ಬಂದವು, ಮತ್ತು ಇಲ್ಲಿಯೂ ಮೊದಲು ಹೋದದ್ದು ಹೆಸರೇ.

ಇಥಿಯೋಪಿಯಾದ ಚಾಪು ಎಂಬ ಹುಡುಗ ಕೈಯಿಂದ ಕೈಗೆ ಮಾರಿಹೋಗಿ ಬಾಗ್ದಾದಿಗೆ ಬಂದಾಗ ಅಲ್ಲಿಯ ಒಡೆಯ ಅವನಿಗೆ ಅಂಬರ್ ಎಂದು ಹೆಸರಿಟ್ಟ. ಅಹಮದ್‌ನಗರವನ್ನು ಆಳಿ, ಮೊಗಲರನ್ನು ದಶಕಗಟ್ಟಲೆ ತಡೆದು, 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್ ಅವನೇ. ಅಂಬರ್ ಎಂದರೆ ಒಂದು ಸುಗಂಧದ್ರವ್ಯ. ಆ ಲೋಕದಲ್ಲಿ ಗುಲಾಮರಿಗೆ ಬೆಲೆಬಾಳುವ ಸರಕುಗಳ ಹೆಸರಿಡುವ ರೂಢಿಯಿತ್ತು. ಯಾಕುತ್ ಎಂದರೆ ಮಾಣಿಕ್ಯ, ಕಾಫೂರ್ ಎಂದರೆ ಕರ್ಪೂರ, ಸಂದಲ್ ಎಂದರೆ ಶ್ರೀಗಂಧ. ವಿಜಯಪುರದ ಇಬ್ರಾಹಿಂ ರೋಜಾ ನೋಡಲು ಹೋದಾಗ ಅದನ್ನು ಕಟ್ಟಿಸಿದ ಮಲಿಕ್ ಸಂದಲನ ಹೆಸರನ್ನು ನಾವು ಕೇಳುತ್ತೇವೆ. ಆತ ಹಬ್ಶಿ, ಅಂದರೆ ಇಥಿಯೋಪಿಯಾ ಕಡೆಯ, ಮೂಲದವನೆಂದು ಹೇಳುತ್ತಾರೆ. ಕಿವಿಗೆ ಇಂಪಾದ ಹೆಸರುಗಳಿವು, ಆದರೂ ತಾಯಿ ಇಟ್ಟವಲ್ಲ. ಅಮೆರಿಕಕ್ಕೂ ಇದಕ್ಕೂ ವ್ಯತ್ಯಾಸವಿದೆ: ಇಲ್ಲಿ ಅಂಬರನಂಥವನು ಅಧಿಕಾರಕ್ಕೆ ಏರಬಹುದಿತ್ತು, ಅವನ ಮಕ್ಕಳು ಹುಟ್ಟಾ ಗುಲಾಮರಾಗಬೇಕಾಗಿರಲಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಬೇಡ.

ನಮ್ಮ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿಗಳ ಸಂಗತಿ ಬೇರೆ. ಅವರ ಹಿರಿಯರಲ್ಲಿ ಹಲವರು ಪೋರ್ಚುಗೀಸರ ಗೋವಾದಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಪೂರ್ವ ಆಫ್ರಿಕಾದ ಬಾಂಟು ಭಾಷಿಕರೊಂದಿಗೆ ಅವರಿಗಿರುವ ನಂಟನ್ನು ವಂಶವಾಹಿ ಅಧ್ಯಯನಗಳೂ ತೋರಿಸಿವೆ. ಇಂದು ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ, ಹೆಸರುಗಳೂ ಅದಕ್ಕೆ ತಕ್ಕಂತೆ ಇವೆ. ಆಡುವ ಮಾತು ಕೊಂಕಣಿ, ಕನ್ನಡ, ಉರ್ದು. ಮನೆತನದ ಜಾಗದಲ್ಲಿ ಬರುವುದು ‘ಸಿದ್ದಿ’. ಒಡೆಯ, ಸ್ವಾಮಿ ಎಂಬ ಅರ್ಥದ ಅರಬ್ಬಿ ಮಾತಿನಿಂದ ಅದು ಬಂತೆನ್ನುತ್ತಾರೆ. ಹಿಂದೂ ಸಿದ್ದಿಗಳು ‘ಹಿರಿಯರು’ ಎಂದು ಪೂರ್ವಜರನ್ನು ಪೂಜಿಸುತ್ತಾರೆ. ತೆಂಗಿನಕಾಯಿ ಇಟ್ಟು ಕೈಮುಗಿಯುವಾಗ ಕರೆಯುವುದು ಹಿರಿಯರೇ ಎಂದು, ಹೆಸರು ಹಿಡಿದಲ್ಲ. ಅವರ ಡೋಲಾದ ಡಮಾಮಿಯ ಬಡಿತ ಮಾತ್ರ ಹಾಗೇ ಉಳಿದಿದೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಮೇಡಂ, ನಿಮ್ಮ ಶಾಲೆ ಈ ಸೀಮೆಯಲ್ಲಿದ್ದರೆ ತರಗತಿಯಲ್ಲಿ ಸಿದ್ದಿ ಮಕ್ಕಳೂ ಇರಬಹುದು, ಅವರನ್ನು ಎದ್ದು ನಿಲ್ಲಿಸಿ ಉದಾಹರಣೆ ಮಾಡಬೇಡಿರೆಂದು ಕೇಳಿಕೊಳ್ಳುತ್ತೇನೆ.

ಶಾಲ್ಮಲಾ ತೀರ

ಖಂಡಿತ ಮಾಡುವುದಿಲ್ಲ. ನೀವು ಎಚ್ಚರಿಸಿದ್ದು ಒಳ್ಳೆಯದಾಯಿತು. ಸೋಮವಾರದ ಪಾಠಕ್ಕೆ 1860ರ ಪಟ್ಟಿಯ ಮಾದರಿಯಲ್ಲಿ ಕಪ್ಪುಹಲಗೆಯ ಮೇಲೆ ನಾಲ್ಕು ಸಾಲು ಬರೆದು, ಇವರು ಯಾರೆಂದು ಹೇಳಿ ಎಂದು ಮಕ್ಕಳನ್ನು ಕೇಳಬೇಕೆಂದಿದ್ದೇನೆ.

ದೂರದೇಶಿ

ಅದರ ಪಕ್ಕದಲ್ಲಿ ಇನ್ನೊಂದು ಪಟ್ಟಿಯನ್ನೂ ಬರೆಯಿರಿ. 1807ರಲ್ಲಿ ಬ್ರಿಟನ್ ಗುಲಾಮ ವ್ಯಾಪಾರವನ್ನು ನಿಷೇಧಿಸಿದ ಮೇಲೆ, ನಡುಗಡಲಿನಲ್ಲಿ ಹಿಡಿದ ಹಡಗುಗಳ ಜನರನ್ನು ಸಿಯೆರಾ ಲಿಯೋನಿನ ಫ್ರೀಟೌನ್‌ನಲ್ಲಿ ಇಳಿಸುತ್ತಿದ್ದರು. ಅಲ್ಲಿ ದುಭಾಷಿಗಳ ನೆರವಿನಿಂದ ಪ್ರತಿಯೊಬ್ಬರ ಹೆಸರು ಕೇಳಿ, ಕಿವಿಗೆ ಬಿದ್ದಂತೆ ಬರೆದು, ವಯಸ್ಸು, ಎತ್ತರ, ಮೈಮೇಲಿನ ಕುಲದ ಗುರುತುಗಳನ್ನು ಸೇರಿಸಿದರು. ಅಲ್ಲಿಯ ಹಾಗೂ ಕ್ಯೂಬಾದ ಹವಾನಾದ ಅಂತಹ ದಾಖಲೆ ಪುಸ್ತಕಗಳಿಂದ 91 ಸಾವಿರಕ್ಕೂ ಹೆಚ್ಚು ಆಫ್ರಿಕನ್ ಹೆಸರುಗಳನ್ನು ಇಂದು ಒಟ್ಟುಗೂಡಿಸಿದ್ದಾರೆ. ಕೇಳುವ ಮನಸ್ಸಿದ್ದಲ್ಲಿ ಹೆಸರು ಬರೆದುಕೊಳ್ಳಲು ಆಗುತ್ತಿತ್ತು ಎಂಬುದು ಮಕ್ಕಳಿಗೆ ಕಣ್ಣಾರೆ ಕಾಣುತ್ತದೆ.

ಆ ಹುಡುಗನಿಗೆ ಕೊಸೊಲಾ ಎಂಬವನ ಸಂಗತಿಯನ್ನೂ ಹೇಳಿ. 1860ರಲ್ಲಿ, ಅಮೆರಿಕದಲ್ಲಿ ಗುಲಾಮರ ಆಮದು ನಿಷೇಧವಾಗಿ ಐವತ್ತೆರಡು ವರ್ಷಗಳಾದ ಮೇಲೂ, ಕಳ್ಳತನದಿಂದ ಅಲಬಾಮಾಕ್ಕೆ ಬಂದ ಕ್ಲೋಟಿಲ್ಡಾ ಹಡಗಿನಲ್ಲಿ ಸುಮಾರು 110 ಜನರೊಡನೆ ಬಂದವನು ಅವನು. ಅಲ್ಲಿ ಅವನು ಕಡ್ಜೋ ಲೂಯಿಸ್ ಆದ. ತನ್ನ ಮಕ್ಕಳಿಗೆಲ್ಲ ಎರಡೆರಡು ಹೆಸರಿಟ್ಟ: ಊರನ್ನು ಮರೆಯದಿರಲು ಒಂದು, ಅಮೆರಿಕದವರ ಬಾಯಿಗೆ ಸುಲಭವಾಗಲು ಒಂದು. 1927ರಲ್ಲಿ ಜೋರಾ ನೀಲ್ ಹರ್ಸ್ಟನ್ ಎಂಬ ಮಾನವಶಾಸ್ತ್ರಜ್ಞೆ ಅವನನ್ನು ಕಾಣಲು ಹೋಗಿ, ಬಾಗಿಲಲ್ಲಿ ನಿಂತು ಕೊಸೊಲಾ ಎಂದು ಕರೆದರು. ಮುದುಕ ಕಣ್ಣೀರು ಹಾಕಿದ. ಸಮುದ್ರದ ಆಚೆಯ ನನ್ನ ಹೆಸರಿನಿಂದ ನನ್ನನ್ನು ಈಗ ಯಾರೂ ಕರೆಯುವುದಿಲ್ಲ, ನೀವೊಬ್ಬರೇ ಕರೆದಿರಿ ಎಂದ.